ತನ್ನ ಕಲಿಕೆಗೆ ತಾನೇ ಸಾಕ್ಷಿ

ವಿದ್ಯಾರ್ಥಿಯು ತಾನು ಕಲಿಯಬೇಕಾದುದನ್ನು ತಾನೇ ನಿಶ್ಚಯಿಸಿಕೊಳ್ಳಬಹುದೆ? ಎಷ್ಟು ಕಲಿತೆನೆಂಬುದನ್ನು ತಾನೇ ಅಳೆದುಕೊಳ್ಳಬಹುದೆ? ಮೇಲುನೋಟಕ್ಕೆ ಇವು ಶಾಲೆಯ ಏರ್ಪಾಡಿಗೆ ಮಾತ್ರ ಸೇರಿದ ಪ್ರಶ್ನೆಗಳಾಗಿ ತೋರುತ್ತವೆ. ವಿಚಾರಿಸಿ ನೋಡಿದರೆ ಇವು ಧರ್ಮದ ಪ್ರಶ್ನೆಗಳು. ಮನುಷ್ಯನು ತನ್ನ ವಿಷಯದಲ್ಲಿ ತಾನೇ ಸತ್ಯವನ್ನು ನುಡಿಯಬಲ್ಲನೆ, ಅದನ್ನು ಬಾಲ್ಯದಲ್ಲಿಯೇ ಅಭ್ಯಾಸಮಾಡಿಸುವುದು ಸಾಧ್ಯವೆ ಎಂಬುದೇ ಇವುಗಳ ಒಳಗಿನ ತಿರುಳು.

ಹಿರಿಯರು ಇಲ್ಲಿ ಸಾಮಾನ್ಯವಾಗಿ ಎತ್ತುವ ಆಕ್ಷೇಪವೊಂದುಂಟು. ಬಾಲಕನು ಅಜ್ಞನು, ಅರಿಯದವನು ತಾನು ಅರಿಯಬೇಕಾದುದನ್ನು ಹೇಗೆ ತಾನೆ ಗೊತ್ತುಮಾಡಿಯಾನು? ದಾರಿ ತಿಳಿಯದವನ ಕೈಗೆ ಎತ್ತಿನ ಹಗ್ಗವನ್ನು ಕೊಟ್ಟರೆ ಬಂಡಿಯು ಹಳ್ಳಕ್ಕೆ ಬೀಳುವುದಲ್ಲದೆ ಊರನ್ನು ಸೇರದು. ಈ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಗುರಿ ಎಂಬ ಒಂದು ಮಾತಿನಲ್ಲಿ ಎರಡು ಅರ್ಥಗಳು ಬೆರೆತಿವೆ. ಸೇರಬೇಕಾದ ಊರು ಒಂದು. ಮುಂದಿನ ಹೆಜ್ಜೆ ಇನ್ನೊಂದು. ಊರು ಯಾವುದೆಂಬುದನ್ನು ಹಿರಿಯರು ಹೇಳತಕ್ಕದ್ದು. ಹೆಜ್ಜೆಯನ್ನಾದರೋ ನಡೆಯುವವನೇ ಇಡಬೇಕು. ತನ್ನ ಕಾಲು ಈಗ ಎಲ್ಲಿ ನಿಂತಿದೆಯೆಂಬುದು ಅವನಿಗೆ ತಿಳಿಯದಿದ್ದರೆ ಆ ಹೆಜ್ಜೆಯು ಸಾಗದು.

ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯನ್ನು ಈ ದೃಷ್ಟಿಯಿಂದ ನೋಡಬಹುದು. ಭೃಗುವು ತಂದೆಯಾದ ವರುಣನ ಬಳಿಗೆ ಹೋಗಿ ಬ್ರಹ್ಮವನ್ನು ಉಪದೇಶಿಸಬೇಕೆಂದು ಬೇಡುತ್ತಾನೆ. ವರುಣನು ಉತ್ತರವನ್ನು ಕೈಗಿಡುವುದಿಲ್ಲ. ಅದರ ಲಕ್ಷಣವನ್ನು ತಿಳಿಸಿ, ತಪಸ್ಸಿನಿಂದ ಅರಿತುಕೊಳ್ಳುವಂತೆ ಕಳುಹಿಸುತ್ತಾನೆ. ಮಗನು ಮೊದಲು ಅನ್ನವೇ ಬ್ರಹ್ಮವೆಂದು ತಿಳಿಯುತ್ತಾನೆ. ಅಷ್ಟಕ್ಕೆ ನಿಲ್ಲದೆ ಮರಳಿ ಬರುತ್ತಾನೆ. ಆಮೇಲೆ ಪ್ರಾಣ, ಮನಸ್ಸು, ವಿಜ್ಞಾನ ಎಂದು ಒಂದೊಂದನ್ನೇ ಕಂಡು ಪ್ರತಿಸಲವೂ ತಂದೆಯ ಬಳಿಗೆ ಬರುತ್ತಾನೆ. ತಂದೆಯು ಒಮ್ಮೆಯೂ ಅವನನ್ನು ಜರೆಯುವುದಿಲ್ಲ. ಒಮ್ಮೆಯೂ ಮುಂದಿನ ಉತ್ತರವನ್ನು ಹೇಳಿಕೊಡುವುದೂ ಇಲ್ಲ. ಐದನೆಯ ಸಲ ಆನಂದವನ್ನು ಅರಿತ ಮೇಲೆ ಭೃಗುವು ಕೇಳಲು ಮರಳಿದನೆಂಬ ಮಾತೇ ಅಲ್ಲಿಲ್ಲ. ಆ ವೇಳೆಗೆ ಅಳತೆಗೋಲು ಅವನದೇ ಆಗಿತ್ತು. ಲಕ್ಷಣವನ್ನು ಕೊಡುವುದು ಗುರುವಿನ ಕೆಲಸ. ತನ್ನ ಅರಿವನ್ನು ಆ ಲಕ್ಷಣಕ್ಕೆ ಒರೆಹಚ್ಚಿ ನೋಡುವುದು ಶಿಷ್ಯನ ಕೆಲಸ.

ಇದು ಋಷಿಗಳ ಕಾಲಕ್ಕೆ ಸರಿ, ಬಡವರ ಮಕ್ಕಳು ಕಿಕ್ಕಿರಿದ ಶಾಲೆಗೆ ಸಲ್ಲದು ಎನ್ನುವವರಿಗೆ ಕನ್ನಡ ನಾಡಿನಲ್ಲಿಯೇ ಉತ್ತರ ದೊರೆತಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ 'ನಲಿ-ಕಲಿ' ಪದ್ಧತಿಯು ಮೊದಲಾಯಿತು. ಆಂಧ್ರದ ಮದನಪಲ್ಲಿಯ ಸಮೀಪದ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ಕಂಡುಬಂದ ಉಪಾಧ್ಯಾಯರೇ ಅದರ ಕಲಿಕೆಯ ಸಾಮಗ್ರಿಯನ್ನು ಸಿದ್ಧಪಡಿಸಿದರು. 2009-10ರಲ್ಲಿ ಅದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಲಾಯಿತು. ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು 'ಕಲಿಕಾ ಏಣಿ' ಎಂಬ ಪಟದಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕುವುದು. ಮೆಟ್ಟಿಲು ಮೆಟ್ಟಿಲಿಗೂ ಒಂದು ಚಿತ್ರದ ಗುರುತು. ಆ ಗುರುತಿನ ಕಾರ್ಡನ್ನು ಮಗುವು ತಾನೇ ಹುಡುಕಿ ತೆಗೆದುಕೊಂಡು ಕೆಲಸಕ್ಕೆ ತೊಡಗುವುದು. ಕೆಲವನ್ನು ಉಪಾಧ್ಯಾಯರ ಸಹಾಯದಿಂದ, ಕೆಲವನ್ನು ಓರಗೆಯವರೊಡನೆ, ಕೆಲವನ್ನು ತಾನೊಂದೇ ಕಲಿಯುವುದು. ವಿದ್ಯೆಯಲ್ಲಿ ಕಾಲುಪಾಲು ಆಚಾರ್ಯನಿಂದ, ಕಾಲುಪಾಲು ಸ್ವಬುದ್ಧಿಯಿಂದ, ಕಾಲುಪಾಲು ಸಹಪಾಠಿಗಳಿಂದ, ಉಳಿದುದು ಕಾಲಕ್ರಮದಿಂದ ಎಂದು ಪಾಠಶಾಲೆಗಳಲ್ಲಿ ಎಣಿಸುವ ವಾಡಿಕೆಯುಂಟು. ಹೊಸ ಏಣಿಯು ಆ ಹಳೆಯ ಲೆಕ್ಕಕ್ಕೆ ದೂರವಾದುದಲ್ಲ.

ಬೆಂಗಳೂರಿನ ಉತ್ತರಭಾಗದಲ್ಲಿ ಇಂತಹ ಏಣಿಯ ಬೆಲೆಯು ಚೆನ್ನಾಗಿ ಕಾಣುತ್ತದೆ. ಯಲಹಂಕ, ಹೆಬ್ಬಾಳಗಳ ಸುತ್ತ ಏಳುತ್ತಿರುವ ಕಟ್ಟಡಗಳ ಕೆಲಸಕ್ಕೆ ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯಿಂದ ಸಂಸಾರಗಳು ಬರುತ್ತವೆ. ಸುಗ್ಗಿಗೋ ಜಾತ್ರೆಗೋ ಊರಿಗೆ ಹೋಗಿ ಕೆಲವು ವಾರ ಕಳೆದು ಮರಳುತ್ತವೆ. ಪುಸ್ತಕವನ್ನು ಒಂದೇ ಸಮನೆ ಮುಂದಕ್ಕೆ ಓಡಿಸುವ ತರಗತಿಯಲ್ಲಿ ಅಂತಹ ಮಗುವು ಹಿಂದೆ ಬಿದ್ದುಹೋಗುವುದು. ಏಣಿಯಲ್ಲಾದರೋ ಅದು ಬಿಟ್ಟುಹೋದ ಮೆಟ್ಟಿಲು ಅದಕ್ಕಾಗಿ ಕಾದಿರುವುದು.

ಅಂತಹ ಒಬ್ಬ ಬಾಲಕಿಯನ್ನು ಭಾವಿಸಬಹುದು. 'ಚೆನ್ನಾಗಿ ಓದುತ್ತೇನೆ' ಎಂದು ಅವಳು ಬರೆದುಕೊಂಡರೆ ಅದು ಆಸೆಯೇ ಹೊರತು ಗುರಿಯಲ್ಲ. 'ಬಸ್ಸಿನ ಹಲಗೆಗಳನ್ನು ಯಾರನ್ನೂ ಕೇಳದೆ ಓದುತ್ತೇನೆ' ಎಂದರೆ ಗುರಿಯಾಯಿತು. ಲಕ್ಷಣವು ಅದರೊಳಗೇ ಇದೆ. ವಾರ ಕಳೆಯುವಲ್ಲಿ ಹೆಬ್ಬಾಳ, ಜಕ್ಕೂರು, ಮತ್ತಿಕೆರೆ, ಕೊಡಿಗೇಹಳ್ಳಿ ಎಂಬ ಹೆಸರುಗಳನ್ನು ಅವಳು ತಡೆಯಿಲ್ಲದೆ ಓದುತ್ತಾಳೆ. ವಿದ್ಯಾರಣ್ಯಪುರದ ಹಲಗೆಯ ಮುಂದೆ ನಾಲಗೆ ತೊಡರುತ್ತದೆ. ಆಗ ಅವಳು, 'ಅದೇ ಅಕ್ಷರದ ಒತ್ತು ಬರುತ್ತದೆ. ಬೇರೆ ಅಕ್ಷರದ ಒತ್ತು ಇನ್ನೂ ಬಾರದು' ಎಂದು ಗುರುತುಹಾಕಿಕೊಳ್ಳುತ್ತಾಳೆ. ಸಜಾತೀಯ, ವಿಜಾತೀಯ ಸಂಯುಕ್ತಾಕ್ಷರಗಳೆಂದು ವ್ಯಾಕರಣವು ಹೇಳುವ ಭೇದ ಇದೇ. ಹೆಸರನ್ನರಿಯದೆಯೇ ಅವಳು ಅದನ್ನು ಕಂಡುಕೊಂಡಳು. ಉಪಾಧ್ಯಾಯರು ಮುಂದಿನ ವಾರ ಮಾಡಬೇಕಾದ ಪಾಠವನ್ನೂ ತೋರಿಸಿಕೊಟ್ಟಳು.

'ಇನ್ನೂ ಬಾರದು' ಎಂಬ ಆ ಎರಡು ಮಾತುಗಳ ಮೇಲೆಯೇ ಈ ಕಾರ್ಯವೆಲ್ಲವೂ ನಿಂತಿದೆ. ಅವುಗಳಿಗೆ ಗದರಿಕೆಯೋ ನಗೆಯೋ ನೆರೆಯ ಹುಡುಗನೊಡನೆ ಹೋಲಿಕೆಯೋ ಪ್ರತ್ಯುತ್ತರವಾದರೆ, ಮುಂದಿನ ವಾರ ಅವಳು ಬಾರದುದನ್ನೂ 'ಬರುತ್ತದೆ' ಎಂದೇ ಬರೆಯುವಳು. ಅಂದು ಅವಳು ಕಲಿತುದು ಸುಳ್ಳನ್ನು, ಕಲಿಸಿದವರು ಹಿರಿಯರು. ಗೋಡೆಯ ಮೇಲಣ ಪಟವೂ ಹೀಗೆಯೇ ಕೆಡಬಲ್ಲುದು. ನೋಡಲು ಬರುವವರ ಕಣ್ಣಿಗಾಗಿ ತುಂಬಿದ ಗುರುತುಗಳು ಸಾಲದ ಪತ್ರಗಳಿದ್ದಂತೆ. ಬರೆದವರು ಬೇರೆ ಊರಿಗೆ ವರ್ಗವಾಗಿ ಹೋಗುವರು. ಬಡ್ಡಿಸಮೇತ ತೀರಿಸಬೇಕಾದುದು ಮಾತ್ರ ಆ ಮಗುವೇ, ಹತ್ತನೆಯ ತರಗತಿಯ ಪರೀಕ್ಷೆಯ ಮನೆಯಲ್ಲಿ, ಒಂಟಿಯಾಗಿ.

ಫಲವನ್ನು ಬಯಸದೆ ಕರ್ಮ ಮಾಡಬೇಕೆಂಬುದು ಗೀತೆಯ ಬೋಧೆಯಷ್ಟೆ. ಹಾಗಿರಲು ಗುರಿಯನ್ನಿಟ್ಟುಕೊಂಡು ದಿನದಿನವೂ ಅಳೆಯುವುದು ಆಸೆಯನ್ನು ಬೆಳೆಸಿದಂತಾಗದೆ ಎಂದು ಕೆಲವರು ಕೇಳಬಹುದು. ಇಲ್ಲಿ ವಿವೇಕವು ಬೇಕು. ಎಸ್.ಎಸ್.ಎಲ್.ಸಿ. ಪರೀಕ್ಷೆಯ 625 ಅಂಕಗಳಲ್ಲಿ 600ನ್ನು ಪಡೆಯುತ್ತೇನೆಂಬುದು ಫಲದ ಮಾತು. ಅದರಲ್ಲಿ ಪ್ರಶ್ನೆ ತೆಗೆಯುವವರ ಕೈಯೂ ಉತ್ತರ ನೋಡುವವರ ಕೈಯೂ ಸೇರಿವೆ. ದಿನಕ್ಕೊಂದು ಪ್ರಮೇಯವನ್ನು ಪುಸ್ತಕ ಮುಚ್ಚಿ ಸಾಧಿಸುತ್ತೇನೆಂಬುದು ಕರ್ಮದ ಮಾತು. ಅದು ಪೂರ್ಣವಾಗಿ ವಿದ್ಯಾರ್ಥಿಯ ವಶದಲ್ಲಿದೆ. ಗೀತೆಯು ಬಿಡಹೇಳಿದುದು ಫಲದ ಆಸೆಯನ್ನೇ ಹೊರತು ಕರ್ಮದಲ್ಲಿನ ಎಚ್ಚರವನ್ನಲ್ಲ. ತನ್ನ ವಶದಲ್ಲಿರುವುದನ್ನು ಗುರಿಯಾಗಿಟ್ಟುಕೊಂಡವನಿಗೆ ಸೋಲು ಬಂದರೂ ಅವಮಾನವಿಲ್ಲ. ಎಲ್ಲಿ ತಪ್ಪಿತೆಂಬುದು ಅವನಿಗೆ ತಿಳಿದಿರುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರಗತಿಪತ್ರದಲ್ಲಿ ಉಪಾಧ್ಯಾಯರ ನಿರ್ಣಯದೊಡನೆ ವಿದ್ಯಾರ್ಥಿಯ ಸ್ವಂತ ನಿರ್ಣಯಕ್ಕೂ ಸಹಪಾಠಿಗಳ ನಿರ್ಣಯಕ್ಕೂ ಸ್ಥಳವಿರಬೇಕೆಂದು ಹೇಳಿತು. ಕಾಗದದಲ್ಲಿ ಸ್ಥಳಮಾಡುವುದು ಸುಲಭ. ಹಿರಿಯರ ಮನಸ್ಸಿನಲ್ಲಿ ಸ್ಥಳಮಾಡುವುದು ಕಷ್ಟ. ಅದಕ್ಕೆ ಉಪಾಧ್ಯಾಯರು ಮಾಡತಕ್ಕುವು ಮೂರು. ಕಲಿತುದರ ಲಕ್ಷಣವನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಮೊದಲೇ ಹೇಳುವುದು. ಗುರಿಯನ್ನು ಒಂದು ವಾರದಲ್ಲಿ ಮುಟ್ಟುವಷ್ಟು ಸಣ್ಣದಾಗಿಸಲು ನೆರವಾಗುವುದು. ನಿಜ ಹೇಳಿದವರಿಗೆ ನಿಜದ ಕಾರಣದಿಂದ ಎಂದೂ ಶಿಕ್ಷೆಯಾಗದಂತೆ ಕಾಯುವುದು. ನಾಲ್ಕನೆಯದೊಂದುಂಟು, ಅದು ಎಲ್ಲಕ್ಕಿಂತ ಕಷ್ಟದ್ದು: ತಮಗೆ ತಿಳಿಯದುದನ್ನು ತರಗತಿಯ ಮುಂದೆ 'ಇನ್ನೂ ತಿಳಿಯದು, ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ' ಎಂದು ಒಪ್ಪಿಕೊಳ್ಳುವುದು. ಹಿರಿಯರ ಬಾಯಲ್ಲಿ ಆ ಮಾತನ್ನು ಕೇಳಿದ ಮಗುವಿಗೆ, ತನ್ನ ಪುಸ್ತಕದಲ್ಲಿ ಅದನ್ನು ಬರೆದುಕೊಳ್ಳಲು ಕೈ ನಡುಗದು.