ಮೂಗಿನ ತುದಿಯ ಸಿಟ್ಟು

ಹಿಮೇಶ್ ರೇಶಮಿಯಾ ಹೆಸರು ಎತ್ತಿದರೆ ನನ್ನ ವಯಸ್ಸಿನವರು ಮೊದಲು ನಗುತ್ತಾರೆ, ಆಮೇಲೆ ಮೂಗು ಹಿಡಿದುಕೊಂಡು ಒಂದು ಸಾಲು ಹಾಡಿ ತೋರಿಸುತ್ತಾರೆ. 2005-06ರ ಸುಮಾರಿಗೆ ಮುಂಬಯಿಯಲ್ಲೋ ಪುಣೆಯಲ್ಲೋ ಇದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ‘ಆಶಿಕ್ ಬನಾಯಾ ಆಪ್‌ನೇ’ ಬಂದದ್ದು 2005ರಲ್ಲಿ. ಅದರ ಶೀರ್ಷಿಕೆ ಗೀತೆ ರಿಕ್ಷಾದಲ್ಲಿ, ಪಾನ್ ಅಂಗಡಿಯಲ್ಲಿ, ಗಣಪತಿ ಮಂಟಪದಲ್ಲಿ, ಪಕ್ಕದ ಕಟ್ಟಡದ ಮದುವೆಯಲ್ಲಿ, ಎಲ್ಲ ಕಡೆಯೂ ಇತ್ತು. ಆ ಹಾಡಿಗೆ ಅತ್ಯುತ್ತಮ ಗಾಯಕನೆಂದು ಫಿಲಂಫೇರ್ ಪ್ರಶಸ್ತಿಯೂ ಬಂತು. 2007ರಲ್ಲಿ ‘ಆಪ್ ಕಾ ಸುರೂರ್’ ಚಿತ್ರಕ್ಕೆ ಅವರೇ ನಾಯಕರಾದರು. ಅದೇ ವರ್ಷಗಳಲ್ಲಿ ಅವರಷ್ಟು ಗೇಲಿಗೊಳಗಾದ ಗಾಯಕ ಇನ್ನೊಬ್ಬರಿರಲಿಲ್ಲ. ದನಿ, ತಲೆಯ ಟೋಪಿ, ಮೈಕ್ ಎತ್ತಿ ಹಿಡಿಯುವ ರೀತಿ, ಯಾವುದನ್ನೂ ಜನ ಬಿಡಲಿಲ್ಲ.

ಒಬ್ಬ ಮನುಷ್ಯ ಹಾಡಿದ. ಅಷ್ಟಕ್ಕೆ ಲಕ್ಷಾಂತರ ಜನರಿಗೆ ಸಿಟ್ಟು ಬಂತು. ಈ ಸಿಟ್ಟು ಯಾವ ಜಾತಿಯದು ಎಂಬುದು ನನ್ನ ಪ್ರಶ್ನೆ.

‘ಇದರಲ್ಲಿ ನೀತಿಯ ಪ್ರಶ್ನೆ ಏನು ಬಂತು? ಅವರವರ ರುಚಿ ಅವರವರಿಗೆ’ ಎನ್ನಬಹುದು. ರುಚಿಯ ಮಾತೇ ಆದರೆ ನನಗೆ ಹಾಗಲಕಾಯಿ ಸೇರುವುದಿಲ್ಲ. ಅದನ್ನು ತಟ್ಟೆಯ ಅಂಚಿಗೆ ಸರಿಸುತ್ತೇನೆ, ಮುಗಿಯಿತು. ಹಾಗಲಕಾಯಿ ತಿನ್ನುವವರನ್ನು ನೆನೆದು ನಾಲ್ಕು ಜನರ ಜೊತೆ ಕೂತು ನಗುವುದಿಲ್ಲ. ಹಾಡುಗಾರರ ವಿಷಯದಲ್ಲಿ ಹಾಗಾಗುವುದಿಲ್ಲ. ಇಷ್ಟವಿಲ್ಲ ಎಂದು ನಾಲ್ಕು ಜನರ ಮುಂದೆ ಸಾರಿದರೆ ಮಾತ್ರ ಸಮಾಧಾನ. ಆ ಸಾರುವಿಕೆಯಲ್ಲಿ ರುಚಿಗಿಂತ ಹೆಚ್ಚಿನದೇನೋ ಇದೆ.

ಮೂಗಿನಲ್ಲಿ ಹಾಡುತ್ತಾರೆ ಎಂಬ ಆರೋಪವನ್ನೇ ನೋಡಿ. ಮುಕೇಶ್ ದನಿಯಲ್ಲೂ ಮೂಗಿನ ಛಾಯೆ ಇತ್ತು. ಅದನ್ನು ನಾವು ವಿಷಾದ ಎಂದೆವು. ಕುಮಾರ್ ಸಾನು ದನಿಯಲ್ಲೂ ಇತ್ತು; ಅದನ್ನು ತೊಂಬತ್ತರ ದಶಕದ ಸೊಗಸು ಎಂದೆವು. ಹಿಮೇಶ್ ಅವರನ್ನು ಮುಕೇಶ್ ಪಕ್ಕದಲ್ಲಿ ಕೂರಿಸಲು ಹೊರಟಿಲ್ಲ. ಮುಕೇಶ್ ಬೆನ್ನಿಗೆ ಶಂಕರ್-ಜೈಕಿಶನ್ ರಾಗಸಂಯೋಜನೆ ಇತ್ತು, ಶೈಲೇಂದ್ರರ ಸಾಹಿತ್ಯ ಇತ್ತು. ಆ ವ್ಯತ್ಯಾಸ ನಿಜ. ಹಾಗಿದ್ದರೆ ದೂರು ಆ ವ್ಯತ್ಯಾಸದ ಬಗ್ಗೆ ಇರಬೇಕಿತ್ತು: ಒಂದೇ ಸಾಲನ್ನು ಎಷ್ಟು ಸಲ ತಿರುಗಿಸುತ್ತಾರೆ, ಮಾತಿನಲ್ಲಿ ಹೊಸದೇನಿದೆ, ತಾಳದ ಪೆಟ್ಟಿಗೆ ರಾಗ ಹೇಗೆ ಶರಣಾಗಿದೆ ಎಂದು. ಅಷ್ಟು ದೂರ ಯಾರೂ ಹೋಗಲಿಲ್ಲ. ಮೂಗು ಸಿಕ್ಕಿತು, ಅಲ್ಲಿಗೇ ನಿಂತೆವು.

ಇಲ್ಲಿ ಒಂದು ನ್ಯಾಯವಾದ ದೂರನ್ನು ಬದಿಗಿಡಬೇಕು. ಕಣ್ಣಿಗೆ ರೆಪ್ಪೆ ಇದೆ, ಕಿವಿಗಿಲ್ಲ. ಗಣೇಶೋತ್ಸವದ ಹತ್ತು ದಿನ ಕಿಟಕಿಯ ಕೆಳಗೆ ಆಳೆತ್ತರದ ಸ್ಪೀಕರ್ ಇಟ್ಟು ಬಡಿದರೆ ಭೀಮಸೇನ ಜೋಶಿಯವರ ಅಭಂಗವೂ ಹಿಂಸೆಯೇ. ಅದು ಸ್ಪೀಕರ್ ಇಟ್ಟವರ ತಪ್ಪು, ಹಾಡಿದವರದ್ದಲ್ಲ. ಆದರೆ ಮನಸ್ಸು ಆ ಲೆಕ್ಕವನ್ನು ಹಾಡಿದವರ ಖಾತೆಗೇ ಬರೆದುಬಿಡುತ್ತದೆ. ಎಲ್ಲಿ ಹೋದರೂ ಕೇಳಿಸುವವರ ಮೇಲೆ ದ್ವೇಷ ಹುಟ್ಟಲು ಇದೂ ಒಂದು ಕಾರಣ.

ಸ್ಪೀಕರ್ ಆರಿದ ಮೇಲೂ ಉಳಿಯುವ ತಿರಸ್ಕಾರ ಬೇರೆ. ಕೆಲವು ವರ್ಷಗಳ ಹಿಂದೆ ನಮ್ಮ ತಂಡ ಪುಣೆಯಿಂದ ಲೋಣಾವಳಕ್ಕೆ ಬಸ್ಸಿನಲ್ಲಿ ಹೊರಟಿತ್ತು. ಡ್ರೈವರ್ ತನ್ನ ಪೆನ್‌ಡ್ರೈವ್ ಹಾಕಿದ. ಎರಡನೆಯ ಹಾಡೇ ಹಿಮೇಶ್‌ದು. ಹಿಂದಿನ ಸೀಟಿನಿಂದ ನಗು, ಮೂಗಿನ ಅನುಕರಣೆ, ‘ಭಾವು, ಬೇರೆ ಏನಾದರೂ ಹಾಕಿ’ ಎಂಬ ಕೂಗು. ಅವನು ಮಾತಾಡದೆ ಆರಿಸಿದ, ಇಡೀ ದಾರಿ ಮತ್ತೆ ಹಾಕಲಿಲ್ಲ. ಸಂಜೆ ವಾಪಸು ಬರುವಾಗ ಅಂತ್ಯಾಕ್ಷರಿ. ಅದೇ ಹುಡುಗರು ಅದೇ ಹಾಡುಗಳನ್ನು ಒಂದಕ್ಷರ ತಪ್ಪದೆ, ಕುಣಿಯುತ್ತಾ ಹಾಡಿದರು. ಹಾಡು ಅವರಿಗೆ ಬಾಯಿಪಾಠವಾಗಿತ್ತು. ತಮಾಷೆಗೆ ಹಾಡಿದರೆ ಅದು ಮೋಜು, ಮನಸಾರೆ ಕೇಳಿದರೆ ಅದು ಕೀಳು ಅಭಿರುಚಿ. ಬಸ್ಸಿನಲ್ಲಿ ಹಾಡು ಬೆಳಗ್ಗೆಯೂ ಒಂದೇ, ಸಂಜೆಯೂ ಒಂದೇ. ಅದರ ಮೇಲೆ ಹಕ್ಕು ಯಾರದು ಎಂಬುದಷ್ಟೇ ಬದಲಾಗಿತ್ತು.

ಬೆಥನಿ ಬ್ರೈಸನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ 1996ರಲ್ಲಿ ಒಂದು ಲೇಖನ ಪ್ರಕಟಿಸಿದರು. ‘ಹೆವಿ ಮೆಟಲ್ ಒಂದು ಬಿಟ್ಟು ಏನಾದರೂ ಸರಿ’ ಎಂಬುದು ಅದರ ತಲೆಬರಹದ ಭಾವ. 1993ರ ಒಂದು ರಾಷ್ಟ್ರೀಯ ಸಮೀಕ್ಷೆಯಲ್ಲಿ ಜನ ಯಾವ ಸಂಗೀತವನ್ನು ಮೆಚ್ಚುತ್ತಾರೆ ಎಂಬುದರ ಬದಲು ಯಾವುದನ್ನು ಒಲ್ಲೆ ಎನ್ನುತ್ತಾರೆ ಎಂದು ಅವರು ನೋಡಿದರು. ಹೆಚ್ಚು ಓದಿದವರು ಕಡಿಮೆ ಪ್ರಕಾರಗಳನ್ನು ತಿರಸ್ಕರಿಸುತ್ತಾರೆ, ಅವರ ಮನಸ್ಸು ವಿಶಾಲ. ಆದರೆ ಅಂಥ ವಿಶಾಲ ಮನಸ್ಸಿನವರೂ ತಿರಸ್ಕರಿಸುವ ಕೆಲವು ಪ್ರಕಾರಗಳು ಯಾವುವು ಎಂದರೆ, ಹೆಚ್ಚಾಗಿ ಕಡಿಮೆ ಓದಿದವರು ಮೆಚ್ಚುವಂಥವು: ರ‍್ಯಾಪ್, ಹೆವಿ ಮೆಟಲ್, ಕಂಟ್ರಿ, ಗಾಸ್ಪೆಲ್.

ನಮ್ಮಂಥವರ ಮಾತಿನಲ್ಲಿ ಇದನ್ನು ಸುಲಭವಾಗಿ ಗುರುತಿಸಬಹುದು. ‘ನಾನು ಎಲ್ಲ ಥರದ್ದೂ ಕೇಳುತ್ತೇನೆ. ಕಿಶೋರಿತಾಯಿ ಇಷ್ಟ, ರೆಹಮಾನ್ ಇಷ್ಟ, ಕೋಲ್ಡ್‌ಪ್ಲೇ ಇಷ್ಟ. ಆದರೆ ದಯವಿಟ್ಟು ಆ ಹಿಮೇಶ್ ಮಾತ್ರ ಬೇಡ.’ ಪಟ್ಟಿಯ ಮೊದಲ ಭಾಗ ನಾವು ಎಷ್ಟು ಉದಾರಿಗಳು ಎಂದು ಹೇಳುತ್ತದೆ. ಕೊನೆಯ ವಾಕ್ಯ ನಾವು ಯಾರಲ್ಲ ಎಂದು. ಹೊಸ ಊರಿಗೆ ಬಂದು ಡಿಗ್ರಿ, ಸಂಬಳ, ಇಂಗ್ಲಿಷು, ಫ್ಲ್ಯಾಟು ಎಂದು ಒಂದೊಂದೇ ಮೆಟ್ಟಿಲು ಹತ್ತಿದವರಿಗೆ ‘ನಾನು ಅವರಲ್ಲ’ ಎಂದು ಹೇಳಿಕೊಳ್ಳುವ ಅವಸರ ಸ್ವಲ್ಪ ಹೆಚ್ಚೇ ಇರುತ್ತದೆ. ಬಸ್ಸಿನ ಹುಡುಗರಲ್ಲಿ ಅರ್ಧ ಜನ ಅವರ ಮನೆತನದ ಮೊದಲ ಇಂಜಿನಿಯರುಗಳು.

ಈ ಬಗೆಯ ನಗು ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಶಿಕಾಗೋದ ಒಂದು ರಾತ್ರಿ ಸಾಕ್ಷಿ. 1979ರ ಜುಲೈ 12, ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನ. ಸ್ಟೀವ್ ಡಾಲ್ ಎಂಬ ರೇಡಿಯೋ ನಿರೂಪಕ ತಾನಿದ್ದ ಕೇಂದ್ರ ಡಿಸ್ಕೋ ಸಂಗೀತಕ್ಕೆ ತಿರುಗಿದಾಗ ಕೆಲಸ ಕಳೆದುಕೊಂಡಿದ್ದ. ಬೇರೆ ಕೇಂದ್ರ ಸೇರಿ ಡಿಸ್ಕೋವನ್ನು ಗೇಲಿ ಮಾಡುವುದನ್ನೇ ಕಾರ್ಯಕ್ರಮವಾಗಿಸಿದ. ಅವತ್ತು ಒಂದೇ ಸಂಜೆ ಎರಡು ಪಂದ್ಯ. ಒಂದು ಡಿಸ್ಕೋ ರೆಕಾರ್ಡ್ ತಂದವರಿಗೆ 98 ಸೆಂಟ್‌ಗೆ ಪ್ರವೇಶ. ಸುಮಾರು 50,000 ಜನ ಸೇರಿದರು. ಪಂದ್ಯಗಳ ನಡುವಿನ ಬಿಡುವಿನಲ್ಲಿ ರೆಕಾರ್ಡುಗಳ ರಾಶಿಯನ್ನು ಸ್ಫೋಟಿಸಲಾಯಿತು. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ಎರಡನೆಯ ಪಂದ್ಯ ನಡೆಯಲೇ ಇಲ್ಲ.

ಅಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ ಒಂದು ಸಂಗತಿ ಗಮನಿಸಿದ್ದ. ಜನ ತಂದ ರೆಕಾರ್ಡುಗಳಲ್ಲಿ ಎಷ್ಟೋ ಡಿಸ್ಕೋ ಆಗಿರಲೇ ಇಲ್ಲ. ಕಪ್ಪು ಗಾಯಕರು ಹಾಡಿದ್ದವು ಎಂಬುದಷ್ಟೇ ಅವುಗಳ ನಡುವಿನ ಸಾಮ್ಯ. ಡಿಸ್ಕೋ ಬೆಳೆದದ್ದು ಕಪ್ಪು ಜನರ, ಲ್ಯಾಟಿನೋಗಳ, ಸಲಿಂಗಿಗಳ ನೃತ್ಯಶಾಲೆಗಳಲ್ಲಿ. ತನ್ನ ಮನಸ್ಸಿನಲ್ಲಿ ಜನಾಂಗದ ದ್ವೇಷ ಇರಲಿಲ್ಲ ಎಂದು ಡಾಲ್ ಹೇಳುತ್ತಲೇ ಬಂದಿದ್ದಾನೆ. ಇರಲಿಕ್ಕಿಲ್ಲ. ಒಬ್ಬನ ಬೇಸರ ಬೇಸರವಾಗಿಯೇ ಇರಬಹುದು. ಐವತ್ತು ಸಾವಿರ ಜನ ಸೇರಿದಾಗ ಅದು ಏನೇನನ್ನು ಜೊತೆಗೆ ಎಳೆದುಕೊಂಡು ಬರುತ್ತದೆ ಎಂದು ಅವನಿಗೆ ಹೇಗೆ ಗೊತ್ತು? ಕೆಲವೇ ವರ್ಷಗಳಲ್ಲಿ ಅದೇ ಊರಿನಲ್ಲಿ ಹೌಸ್ ಸಂಗೀತ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಆ ಹುಡುಗ ಲಾರೆನ್ಸ್ ಕೂಡ ಒಬ್ಬ.

ಹೊರನಾಡಿನಲ್ಲಿರುವ ನಮಗೆ ಇದರ ಇನ್ನೊಂದು ತುದಿಯ ಅನುಭವವೂ ಇದೆ. ಮುಂಬಯಿಯಲ್ಲಿ ಕರಾವಳಿಯವರ ಮನೆಯಲ್ಲಿ ಭಾನುವಾರ ಯಕ್ಷಗಾನದ ರೆಕಾರ್ಡಿಂಗ್ ಹಾಕಿದಾಗ ಭಾಗವತರ ಏರುದನಿ ಗೋಡೆ ದಾಟುತ್ತದೆ. ಅಭ್ಯಾಸವಿಲ್ಲದ ಕಿವಿಗೆ ಅದು ಕೂಗಾಟ. ಪಕ್ಕದವರು ಲಿಫ್ಟಿನಲ್ಲಿ ಸಿಕ್ಕಾಗ ‘ನಿಮ್ಮ ಮನೆಯಲ್ಲಿ ಅದೇನದು, ಜಗಳವೇ?’ ಎಂದು ನಕ್ಕರೆ ನಾವೂ ನಗುತ್ತೇವೆ. ಆದರೆ ಒಳಗೆ ಏನೋ ಚುಚ್ಚುತ್ತದೆ. ಅವರು ಹೇಳಿದ್ದು ಒಂದು ದನಿಯ ಬಗ್ಗೆ. ನಮಗೆ ಕೇಳಿಸಿದ್ದು ನಮ್ಮ ಅಜ್ಜನ ಬಗ್ಗೆ, ರಾತ್ರಿಯಿಡೀ ಗದ್ದೆಯಲ್ಲಿ ಕೂತು ನೋಡಿದ ಆಟದ ಬಗ್ಗೆ. ಆ ಬಸ್ ಡ್ರೈವರ್‌ಗೆ ಏನು ಕೇಳಿಸಿತ್ತೋ.

‘ಹಾಗಾದರೆ ಯಾವ ಗಾಯಕನ ಮೇಲೂ ಸಿಟ್ಟಾಗಬಾರದೇ?’ ಎಂದು ಕೇಳಿದರೆ, ಆಗಬಹುದು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಾರ್ಯಕ್ರಮವೊಂದರಲ್ಲಿ ಕನ್ನಡ ಹಾಡಿಗಾಗಿ ಕೂಗು ಎದ್ದಾಗ ಸೋನು ನಿಗಮ್ ರೇಗಿ, ಆ ಕೂಗನ್ನು ಪಹಲ್ಗಾಮ್ ದಾಳಿಗೆ ಜೋಡಿಸಿ ಮಾತಾಡಿದರು. ‘ಮುಂಗಾರು ಮಳೆ’ಯ ಕಾಲದಿಂದ ಆ ದನಿಯನ್ನು ಊರಿನ ನೆನಪಿನಂತೆ ಫೋನಿನಲ್ಲಿಟ್ಟುಕೊಂಡವರು ನಾವು. ಸಿಟ್ಟು ಬಂತು. ಕನ್ನಡ ಚಿತ್ರರಂಗ ಅಸಹಕಾರ ಘೋಷಿಸಿತು, ಮೇ ತಿಂಗಳಲ್ಲಿ ಅವರು ಕ್ಷಮೆ ಕೇಳಿದರು. ಆ ಕ್ಷಮೆ ಸಾಕೋ ಸಾಲದೋ ಎಂದು ನಮ್ಮೊಳಗೇ ಜಗಳವಾಡಬಹುದು. ಆದರೆ ಜಗಳವಾಡಲು ಅಲ್ಲಿ ಒಂದು ವಿಷಯ ಇದೆ: ಆಡಿದ ಒಂದು ಮಾತು, ಅದರಿಂದ ನೊಂದವರು, ಅದನ್ನು ಸರಿಪಡಿಸುವ ಒಂದು ದಾರಿ. ಅವರ ದನಿ ಕೆಟ್ಟದ್ದೆಂದು ಯಾರೂ ಹೇಳಲಿಲ್ಲ.

ಹಿಮೇಶ್ ಯಾವುದಕ್ಕೆಂದು ಕ್ಷಮೆ ಕೇಳಬೇಕು? ತನ್ನ ಮೂಗಿಗೋ? ಅವರ ಹಾಡನ್ನು ಮೆಚ್ಚಿದ ಡ್ರೈವರ್ ಯಾವುದಕ್ಕೆ ಕೇಳಬೇಕು? ಎರಡು ಬಗೆಯ ಸಿಟ್ಟಿನ ನಡುವೆ ನನಗೆ ಕಾಣುವ ಗೆರೆ ಇದು. ನಡತೆಯ ಮೇಲಿನ ಸಿಟ್ಟಿಗೆ ಕ್ಷಮೆಯ ಬಾಗಿಲು ಇರುತ್ತದೆ. ಇರುವಿಕೆಯ ಮೇಲಿನ ತಿರಸ್ಕಾರಕ್ಕೆ ಅಂಥ ಬಾಗಿಲಿಲ್ಲ. ಎದುರಿನವರು ಮರೆಯಾದರೆ ಮಾತ್ರ ಅದು ತಣಿಯುತ್ತದೆ. ಏನು ಮಾಡಿದರೂ ತೀರಿಸಲಾಗದ ಸಾಲವನ್ನು ಒಬ್ಬರ ಮೇಲೆ ಹೊರಿಸುವುದು, ಅದು ಹಾಡಿನ ವಿಷಯಕ್ಕೇ ಆಗಲಿ, ಅನ್ಯಾಯ.

ಹೀಗೆಂದು ವಿಮರ್ಶೆಯನ್ನು ಬಿಡಬೇಕಿಲ್ಲ. ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯ ಮಾನದಂಡದ ಬಗ್ಗೆ ಬರೆದ ಪ್ರಬಂಧದಲ್ಲಿ ಒಳ್ಳೆಯ ವಿಮರ್ಶಕನಿಗೆ ಬೇಕಾದ ಗುಣಗಳನ್ನು ಎಣಿಸುತ್ತಾನೆ. ಸೂಕ್ಷ್ಮತೆ, ಅಭ್ಯಾಸ, ಹೋಲಿಸಿ ನೋಡುವ ಶಕ್ತಿಗಳ ಜೊತೆಗೆ ಪೂರ್ವಗ್ರಹವಿಲ್ಲದ ಮನಸ್ಸು ಎಂಬುದೂ ಅದರಲ್ಲಿದೆ. ‘ಈ ಹಾಡು ಕೆಟ್ಟದ್ದು, ಯಾಕೆಂದರೆ...’ ಎಂದು ಆರಂಭಿಸಿದವರು ಕೇಳುಗನನ್ನು ವಾದಕ್ಕೆ ಕರೆದಂತಾಯಿತು. ಡ್ರೈವರ್ ಕೂಡ ಅದಕ್ಕೆ ಉತ್ತರ ಕೊಡಬಹುದು. ಮೂಗು ಹಿಡಿದು ನಕ್ಕವರಿಗೆ ಅವನು ಏನು ಉತ್ತರ ಕೊಟ್ಟಾನು? ಕೆನಡಾದ ವಿಮರ್ಶಕ ಕಾರ್ಲ್ ವಿಲ್ಸನ್ ತನಗೆ ಸ್ವಲ್ಪವೂ ಹಿಡಿಸದ ಸೆಲಿನ್ ಡಿಯಾನ್ ಬಗ್ಗೆಯೇ 2007ರಲ್ಲಿ ಒಂದು ಪುಸ್ತಕ ಬರೆದ. ಆಕೆಯ ಅಭಿಮಾನಿಗಳ ಜೊತೆ ಕೂತು ಮಾತಾಡಿದ. ಅವರನ್ನು ಕಂಡ ಮೇಲೆ ನಗುವುದು ಅವನಿಗೆ ಮೊದಲಿನಷ್ಟು ಸುಲಭವಾಗಿ ಉಳಿಯಲಿಲ್ಲ.

2025ರಲ್ಲಿ ಹಿಮೇಶ್ ಮುಂಬಯಿ, ದೆಹಲಿಗಳಲ್ಲಿ ದೊಡ್ಡ ಕಾರ್ಯಕ್ರಮ ಕೊಟ್ಟರು. ಇಪ್ಪತ್ತು ವರ್ಷಗಳ ಹಿಂದಿನ ಗೇಲಿಯೇ ಈಗ ನೆನಪಿನ ಸರಕಾಗಿದೆ; ಟಿಕೆಟ್ ಕೊಂಡವರಲ್ಲಿ ಅವತ್ತು ನಕ್ಕವರೂ ಇದ್ದಾರು. ಅವರ ಮೂಗು ಬದಲಾಗಿಲ್ಲ. ನಾವು ಇನ್ನೂ ನಾಲ್ಕು ಮೆಟ್ಟಿಲು ಹತ್ತಿದ್ದೇವೆ, ಆ ಹಾಡಿನಿಂದ ನಮ್ಮ ಅಂತಸ್ತಿಗೆ ಇನ್ನು ಭಯವಿಲ್ಲ. ಈಗ ನಗುವುದಕ್ಕೆ ಹೊಸ ಹೆಸರುಗಳಿವೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಳ್ಳಿಯ ಹುಡುಗ ಆಟೋಟ್ಯೂನ್ ಹಾಕಿ ಹಾಡಿದ ಕನ್ನಡ ರ‍್ಯಾಪ್ ಬಂದಿರುತ್ತದೆ, ಕೆಳಗೆ ನಗುವ ಮುಖಗಳ ಸಾಲು. ಹಾಡು ನಿಜಕ್ಕೂ ಕೆಟ್ಟದ್ದಾಗಿರಬಹುದು. ಯಾಕೆ ಕೆಟ್ಟದ್ದು ಎಂದು ಎರಡು ಸಾಲು ಬರೆಯಲು ಆಗುತ್ತದೆಯೇ ನೋಡಿ. ಆಗದಿದ್ದರೆ, ಆ ಗುಂಪಿನಲ್ಲಿ ಅದನ್ನು ಪ್ರೀತಿಯಿಂದ ಕಳಿಸಿದವರು ಯಾರು ಎಂದಾದರೂ ಒಮ್ಮೆ ಮೇಲೆ ಸರಿಸಿ ಹೆಸರು ನೋಡಬಹುದು.