ತಡವಾಗಿ ಬಂದ ಆಳಿಗೂ ಕೂಲಿ ಉಂಟೋ?



ದ್ರಾಕ್ಷೇತೋಟದ ಯಜಮಾನನ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಮುಂಜಾನೆಯೇ ಕೆಲಸಕ್ಕೆ ಬಂದವರಿಗೂ, ಹೊತ್ತು ಮುಳುಗುವದಕ್ಕೆ ಒಂದು ತಾಸು ಉಳಿದಿರುವಾಗ ಬಂದವರಿಗೂ ಅವನು ಒಂದೇ ಕೂಲಿಯನ್ನು ಕೊಟ್ಟನು. ಮೊದಲು ಬಂದವರು ಗುಣುಗುಟ್ಟಿದರು. ದೇವಾಲಯದಲ್ಲಿ ಇದನ್ನು ಓದುವಾಗ ನಾವು ಯಜಮಾನನ ಪಕ್ಷವನ್ನು ಹಿಡಿಯುತ್ತೇವೆ. ಆದರೆ ಮನೆಗೆ ಹಿಂದಿರುಗಿದ ಮೇಲೆ ಅನೇಕ ವೇಳೆ ಗುಣುಗುಟ್ಟಿದವರ ಸಾಲಿನಲ್ಲಿಯೇ ನಿಲ್ಲುತ್ತೇವೆಂಬದನ್ನು ಈ ತಿಂಗಳು ಸ್ವಲ್ಪ ವಿಚಾರಿಸೋಣ.

ಪ್ರಶ್ನೆಯು ಇದು: ಹದಿನಾಲ್ಕು ವರುಷಕ್ಕೆ ಶಾಲೆಯನ್ನು ಬಿಟ್ಟ ಹುಡುಗನು ಹದಿನೆಂಟನೆಯ ವರುಷದಲ್ಲಿ ಮರಳಿ ಓದಬೇಕೆಂದು ಬಂದರೆ, ಅವನಿಗೆ ಪ್ರೌಢಶಾಲೆಯ ಪಾಠವನ್ನು ಬೇರೊಂದು ಹೊತ್ತಿನಲ್ಲಿ, ಬೇರೊಂದು ರೀತಿಯಲ್ಲಿ ಕಲಿಸುವದು ನಮ್ಮ ದಯೆಯೋ, ಅಥವಾ ನಾವು ತೀರಿಸತಕ್ಕ ಸಾಲವೋ?

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಸೀಮೆಯನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಇಲ್ಲಿ ವರುಷವೆಲ್ಲಾ ಹರಿಯುವ ಹೊಳೆಯಿಲ್ಲ. ಕೊಳವೆಬಾವಿಯಲ್ಲಿ ನೀರು ಸಿಕ್ಕಿದವರಿಗೆ ಹಿಪ್ಪುನೇರಳೆಯೂ ಟೊಮೇಟೊವೂ ಉಂಟು; ಸಿಕ್ಕದವರಿಗೆ ಮಳೆಯನ್ನು ನಂಬಿದ ರಾಗಿಯೂ ಕೂಲಿಯೂ ಮಾತ್ರ ಗತಿ. ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು. ಶಾಲೆಯ ಪುಸ್ತಕವು ಕನ್ನಡ. ರೇಷ್ಮೆ ಸಾಕುವವರ ಮನೆಯ ಕಷ್ಟವನ್ನು ನಮ್ಮ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಹುಳುವು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ, ತಾನು ಬಾಳಿನಲ್ಲಿ ತಿನ್ನುವ ಸೊಪ್ಪಿನ ಐದು ಪಾಲಿನಲ್ಲಿ ನಾಲ್ಕು ಪಾಲನ್ನು ಸುಮಾರು ಒಂದು ವಾರದಲ್ಲಿಯೇ ತಿಂದು ಮುಗಿಸುತ್ತದೆ. ಆ ವಾರದಲ್ಲಿ ಸೊಪ್ಪು ಕೊಯ್ಯುವದಕ್ಕೆ ಮನೆಯವರ ಕೈಗಳೆಲ್ಲವೂ ಬೇಕು. ಹುಡುಗಿಯು ಒಂದು ವಾರ ಶಾಲೆಗೆ ಹೋಗುವದಿಲ್ಲ. ಮುಂದಿನ ಬೆಳೆಯಲ್ಲಿ ಇನ್ನೊಂದು ವಾರ. ಹೀಗೆ ನಾಲ್ಕೈದು ಬೆಳೆಗಳಾದ ಮೇಲೆ ಲೆಕ್ಕದ ಪಾಠವು ಅವಳನ್ನು ಬಿಟ್ಟು ಬಹು ಮುಂದೆ ಹೋಗಿರುತ್ತದೆ. ಆಗ ಜನರು, ಅವಳಿಗೆ ಓದು ಹತ್ತಲಿಲ್ಲ, ಎಂದು ಹೇಳುತ್ತಾರೆ.

ನಮ್ಮ ದೇಶದ ಕಾಯಿದೆಯು ಈ ವಿಷಯದಲ್ಲಿ ಒಂದು ದೊಡ್ಡ ಉಪಕಾರವನ್ನು ಮಾಡಿತು. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು, ಆರರಿಂದ ಹದಿನಾಲ್ಕು ವರುಷದವರೆಗಿನ ಪ್ರತಿಯೊಂದು ಮಗುವಿಗೂ ಧರ್ಮಾರ್ಥವಾಗಿ ವಿದ್ಯೆಯು ದೊರಕತಕ್ಕದ್ದೆಂದು ವಿಧಿಸಿತು. ಆದರೆ ಹದಿನಾಲ್ಕು ತುಂಬಿದೊಡನೆ ಕಾಯಿದೆಯು ಹಿಡಿದ ಕೈಯನ್ನು ಬಿಡುತ್ತದೆ. ಆ ವಯಸ್ಸು ಎಂಟನೆಯ ತರಗತಿಯ ಅಂಚು. ಪ್ರೌಢಶಾಲೆಯು ದೂರದ ಊರಿನಲ್ಲಿರುವದೂ, ಹೊಲದ ಕೆಲಸಕ್ಕೆ ಮೈ ಬಲಿಯುವದೂ, ಹುಡುಗಿಗೆ ಮದುವೆಯ ಮಾತು ಹುಟ್ಟುವದೂ ಅದೇ ವಯಸ್ಸಿನಲ್ಲಿ. ನೆರವು ಅತ್ಯವಶ್ಯವಾದ ಸ್ಥಳದಲ್ಲಿಯೇ ಸೇತುವೆಯು ಮುಗಿದುಹೋದಂತಾಯಿತು.

ನಾವು ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರುಷಗಳ ಹಿಂದೆ ನಾವು ಸಂಜೆಯ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ, ಮೀಸೆ ಮೂಡುತ್ತಿದ್ದ ಹುಡುಗನೊಬ್ಬನು ಬಾಗಿಲ ಬಳಿಯಲ್ಲಿ ನಿಂತು, ಅಯ್ಯಾ, ನಾನೂ ಕುಳಿತುಕೊಳ್ಳಲೋ, ಎಂದು ಕೇಳಿದನು. ನಾವು ಮೊದಲು ಅವನ ವಯಸ್ಸನ್ನು ಕೇಳಿದೆವು. ಆ ಮೇಲೆ, ಇಷ್ಟು ದಿವಸ ಎಲ್ಲಿದ್ದೆ, ಅಂದೆವು. ಚಿಕ್ಕ ಮಕ್ಕಳು ನಕ್ಕರು. ಅವನು ಉತ್ತರ ಕೊಡದೆ ಹೊರಟುಹೋದನು, ತಿರುಗಿ ಬರಲಿಲ್ಲ. ಅವನ ತಂದೆಯು ತೀರಿಹೋಗಿದ್ದನೆಂದೂ, ಮೂರು ಮಂದಿ ತಂಗಿಯರ ಹೊಟ್ಟೆಗಾಗಿ ಅವನು ಕೂಲಿ ಮಾಡುತ್ತಿದ್ದನೆಂದೂ ನಮಗೆ ಆ ಮೇಲೆ ತಿಳಿಯಿತು. ಸಾಮ್ಯದ ಯಜಮಾನನೂ ಸಂಜೆಯ ಆಳುಗಳನ್ನು, ಸುಮ್ಮನೆ ನಿಂತಿರುವದೇಕೆಂದು ಕೇಳಿದನಲ್ಲವೇ? ಆದರೆ ಅವನು ಉತ್ತರಕ್ಕಾಗಿ ಕಾದನು. ತಮ್ಮನ್ನು ಕರೆದವರೇ ಇಲ್ಲವೆಂದು ಅವರು ಹೇಳಿದಾಗ ಅದನ್ನು ನಂಬಿದನು. ನಾವು ಉತ್ತರಕ್ಕಾಗಿ ಕಾಯಲಿಲ್ಲ. ಅವನು ಹೊರಟುಹೋದ ಬಾಗಿಲು ಈಗಲೂ ನಮ್ಮ ಕಣ್ಣ ಮುಂದೆ ಉಂಟು.

ಆ ಸಾಮ್ಯದಲ್ಲಿ ಇನ್ನೊಂದು ಸಂಗತಿಯನ್ನು ನೋಡಿರಿ. ಆಳುಗಳು ಯಜಮಾನನ ಮನೆಯ ಬಾಗಿಲಿಗೆ ಬಂದವರಲ್ಲ. ಅವನೇ ದಿನಕ್ಕೆ ಐದು ಸಾರಿ ಪೇಟೆಗೆ ಹೊರಟನು. ಬೇರೊಂದು ಬಗೆಯ ಪಾಠಶಾಲೆಯೆಂಬದರ ತಿರುಳು ಇದೇ. ಮಗುವು ಶಾಲೆಯ ಗಂಟೆಗೆ ಬರಲಾರದಿದ್ದರೆ ಶಾಲೆಯು ಮಗುವಿನ ಗಂಟೆಗೆ ಹೋಗತಕ್ಕದ್ದು.

ಇದು ನಮ್ಮ ಸಭೆಗಳಿಗೆ ಹೊಸ ಮಾತಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ಪತ್ರಿಕೆಯನ್ನು ನಡೆಸುತ್ತಿದ್ದ ರಾಬರ್ಟ್ ರೈಕ್ಸ್ ಎಂಬವರು, ವಾರದ ಆರು ದಿವಸ ದುಡಿಯುತ್ತಿದ್ದ ಬಡ ಮಕ್ಕಳಿಗೆ ಬಿಡುವಿದ್ದ ಏಳನೆಯ ದಿವಸದಲ್ಲಿ ಅಕ್ಷರವನ್ನು ಕಲಿಸುವ ಏರ್ಪಾಡು ಮಾಡಿದರು. ನಮ್ಮ ಸಂಡೇಸ್ಕೂಲು ಹೀಗೆ ಶಾಲೆಗೆ ಹೋಗಲಾರದವರ ಶಾಲೆಯಾಗಿಯೇ ಬೆಳೆಯಿತು. ಡೆನ್ಮಾರ್ಕ್ ದೇಶದಲ್ಲಿ ಪಾದ್ರಿಗಳೂ ಕೀರ್ತನಕಾರರೂ ಆಗಿದ್ದ ಗ್ರುಂಟ್‌ವಿಗ್ ಎಂಬವರ ಬೋಧನೆಯಿಂದ 1844ರಲ್ಲಿ ರ‍್ಯೋಡಿಂಗ್ ಎಂಬ ಊರಿನಲ್ಲಿ ರೈತರ ಮಕ್ಕಳಿಗಾಗಿ ಮೊದಲನೆಯ ಜನತಾ ಪ್ರೌಢಶಾಲೆಯು ತೆರೆಯಿತು. ಹೊಲದ ಕೆಲಸವಿಲ್ಲದ ಚಳಿಗಾಲದಲ್ಲಿ ಯುವಕರಿಗೂ, ಬೇಸಗೆಯಲ್ಲಿ ಯುವತಿಯರಿಗೂ ಪಾಠ ಹೇಳುವ ಪದ್ಧತಿಯು ಅಂಥ ಶಾಲೆಗಳಲ್ಲಿ ನೆಲೆಗೊಂಡಿತು. ಆ ದೀಪದಿಂದಲೇ ಹೊತ್ತಿಸಿದ ಒಂದು ದೀಪವು ನಮ್ಮ ನಾಡಿಗೂ ಬಂದಿತು: ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿಯವರು 1947ರಲ್ಲಿ ನಂಜನಗೂಡಿನಲ್ಲಿ ಹಳ್ಳಿಯ ಯುವಕರಿಗಾಗಿ ವಿದ್ಯಾಪೀಠವೊಂದನ್ನು ಸ್ಥಾಪಿಸಿದರು.

ನಮ್ಮ ಸೀಮೆಯವರೇ ಆದ ಒಬ್ಬರನ್ನೂ ನೆನೆಯೋಣ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರೌಢಶಾಲೆಯ ವಿದ್ಯೆಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಿಂದ ಹೋದರು. 1942ರ ಚಳವಳಿಯಲ್ಲಿ ಓದನ್ನು ಬಿಟ್ಟು ಸೆರೆಮನೆಯನ್ನು ಸೇರಿದರು. ಬಳಿಕ ಬಿಟ್ಟ ಓದನ್ನು ಮತ್ತೆ ಹಿಡಿದು ಮುಗಿಸಿ, ಕಾಲಾಂತರದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ಕಾಲೇಜುಗಳು ನೆಲೆಗೊಳ್ಳುವಂತೆ ದುಡಿದರು. ಅವರು ನಮ್ಮ ಮತದವರಲ್ಲ. ಆದರೂ ನೆರೆಯವನಾರೆಂಬ ಪ್ರಶ್ನೆಗೆ ಕರ್ತನು ಸಮಾರ್ಯದವನನ್ನು ತೋರಿಸಿದ ಬಳಿಕ, ಒಳ್ಳೇದನ್ನು ಯಾರು ಮಾಡಿದರೂ ಅವರಿಂದ ಕಲಿಯುವದಕ್ಕೆ ನಾವು ನಾಚತಕ್ಕದ್ದಿಲ್ಲ.

ಇನ್ನು ಆಕ್ಷೇಪಣೆಗಳನ್ನು ವಿಚಾರಿಸೋಣ. ಹೀಗೆ ಕಲಿಸಿದರೆ ತಂದೆತಾಯಿಗಳು ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡು, ಹೇಗೂ ಸಂಜೆಯ ಶಾಲೆಯಿದೆಯಲ್ಲಾ ಎನ್ನುವರೆಂದು ಕೆಲವರು ಹೇಳುತ್ತಾರೆ. ಈ ಭಯವು ನಿರಾಧಾರವಲ್ಲ. ಆದದರಿಂದ ಹದಿನಾಲ್ಕು ತುಂಬದ ಮಗುವನ್ನು ನಾವು ಕೈಹಿಡಿದು ಹಗಲಿನ ಶಾಲೆಗೇ ಕರೆದುಕೊಂಡು ಹೋಗತಕ್ಕದ್ದು. ಅದು ಆ ಮಗುವಿನ ಹಕ್ಕು. ಆದರೆ ಆಸ್ಪತ್ರೆಯಿರುವದರಿಂದ ಜನರು ಬೇಕೆಂದು ಕಾಲು ಮುರಿದುಕೊಳ್ಳುತ್ತಾರೆಯೇ?

ಬೇರೆಯ ಶಾಲೆಯೆಂದರೆ ಬಡವರಿಗೆ ಕಡಿಮೆಯ ಶಾಲೆಯೆಂದು ಇನ್ನು ಕೆಲವರು ಹೇಳುತ್ತಾರೆ. ಇದು ಮೊದಲನೆಯದಕ್ಕಿಂತ ಭಾರವಾದ ಮಾತು. ಯಾಕಂದರೆ ಊರ ಹೊರಗೆ ಕೂರಿಸಲ್ಪಟ್ಟವರ ಕಷ್ಟವು ನಮ್ಮ ಸಭೆಗಳಲ್ಲಿ ಅನೇಕರ ಅಜ್ಜಂದಿರಿಗೆ ತಿಳಿದಿತ್ತು. ಬೇರೆಯ ಹೊತ್ತು ಇರಲಿ, ಬೇರೆಯ ರೀತಿ ಇರಲಿ. ಆದರೆ ಬೇರೆಯ ಅಳತೆ ಇರಬಾರದು. ಸಂಜೆಯ ಆಳಿಗೆ ಯಜಮಾನನು ಸವಕಲು ನಾಣ್ಯವನ್ನು ಕೊಡಲಿಲ್ಲವಷ್ಟೆ. ಊರಿಗೆ ಸರಕಾರದ ಒಳ್ಳೇ ಪ್ರೌಢಶಾಲೆ ಬೇಕೆಂದು ಕೇಳುವದನ್ನೂ ನಾವು ಈ ನೆವದಿಂದ ನಿಲ್ಲಿಸಬಾರದು.

ಕಡೆಯ ಆಕ್ಷೇಪಣೆಯು ನಮ್ಮ ಹೃದಯದೊಳಗಿನದು: ನಮ್ಮ ಮಕ್ಕಳು ಬಿಸಿಲಿನಲ್ಲಿ ನಡೆದು ಹೋಗಿ ಹತ್ತು ವರುಷ ಓದಿದರಲ್ಲಾ, ಇವನಿಗೆ ಎರಡು ವರುಷದಲ್ಲಿ ಅದೇ ಪತ್ರವೋ? ಪ್ರಿಯರೇ, ಹುಳುಮನೆಗೆ ಹೋಗಿ ನೋಡಿರಿ. ಒಂದೇ ದಿವಸ ಒಡೆದ ಮೊಟ್ಟೆಯ ಹುಳುಗಳೆಲ್ಲವೂ ಒಂದೇ ಗಳಿಗೆಯಲ್ಲಿ ಹಣ್ಣಾಗುವದಿಲ್ಲ. ಹಣ್ಣಾದದ್ದನ್ನು ಆರಿಸಿ ಚಂದ್ರಿಕೆಗೆ ಬಿಡುತ್ತೀರಿ. ಉಳಿದದ್ದಕ್ಕೆ ಇನ್ನೊಂದು ಹೊತ್ತಿನ ಸೊಪ್ಪು ಹಾಕುತ್ತೀರಿ. ತಡವಾಗಿ ಕಟ್ಟಿದ ಗೂಡಿನಲ್ಲಿಯೂ ರೇಷ್ಮೆಯೇ ಇರುತ್ತದೆ. ಅದರಿಂದ ಮೊದಲು ಕಟ್ಟಿದ ಗೂಡಿಗೆ ಒಂದು ಎಳೆಯೂ ನಷ್ಟವಿಲ್ಲ. ಹುಳುವಿಗೆ ತೋರಿಸುವ ತಾಳ್ಮೆಯನ್ನು ದೇವರ ಸ್ವರೂಪದಲ್ಲಿ ಹುಟ್ಟಿದ ಮನುಷ್ಯನಿಗೆ ತೋರಿಸಲಾರೆವೋ?

ಹೀಗಿರಲಾಗಿ ನಾವು ಮಾಡತಕ್ಕದ್ದೇನು? ದಾರಿಗಳು ಆಗಲೇ ಉಂಟು. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆಯು ಹದಿನಾಲ್ಕು ತುಂಬಿದವರನ್ನು ಪ್ರೌಢಶಾಲೆಯ ಮಟ್ಟಕ್ಕೆ ಸೇರಿಸಿಕೊಳ್ಳುತ್ತದೆ. ಒಮ್ಮೆ ಸೇರಿದರೆ ಐದು ವರುಷದೊಳಗೆ ಒಂದೊಂದು ವಿಷಯವನ್ನಾಗಿ ಮುಗಿಸಬಹುದು. ನಮ್ಮ ರಾಜ್ಯದ ಹತ್ತನೆಯ ತರಗತಿಯ ಪರೀಕ್ಷೆಗೂ ಖಾಸಗಿ ಅಭ್ಯರ್ಥಿಯಾಗಿ ಕೂರುವದಕ್ಕೆ ಅವಕಾಶವುಂಟು. ಅಂಥವನಿಗೆ ಬೇಕಾದದ್ದು ಕುಳಿತುಕೊಳ್ಳುವದಕ್ಕೆ ಒಂದು ಸ್ಥಳ, ಒಂದು ದೀಪ, ಲೆಕ್ಕವನ್ನೂ ಇಂಗ್ಲಿಷನ್ನೂ ಬಲ್ಲ ಒಬ್ಬರ ಒಂದು ತಾಸು. ನಮ್ಮ ದೇವಾಲಯಗಳು ವಾರದಲ್ಲಿ ಅನೇಕ ಸಂಜೆ ಬೀಗ ಹಾಕಿಕೊಂಡಿರುತ್ತವೆ. ಬೆಂಗಳೂರಿನಲ್ಲಿ ಓದಿ ಬಂದ ನಮ್ಮ ಯುವಕ ಯುವತಿಯರು ಪ್ರತಿಯೊಂದು ಸಭೆಯಲ್ಲಿಯೂ ಒಬ್ಬಿಬ್ಬರಾದರೂ ಇದ್ದಾರೆ. ಹುಡುಗಿಯರಿಗೆ ಕತ್ತಲಾಗುವದಕ್ಕೆ ಮುಂಚೆಯೇ ಪಾಠವು ಮುಗಿಯಲಿ. ತೆಲುಗು ಮಾತಾಡುವವನಿಗೆ ಮೊದಲು ತೆಲುಗಿನಲ್ಲಿಯೇ ತಿಳಿಸಿ ಹೇಳಲಿ. ಸೊಪ್ಪಿನ ವಾರದಲ್ಲಿ ಬಾರದವರನ್ನು ಬೈಯದೆ, ಮುಂದಿನ ವಾರ ಅವರ ಮನೆಗೇ ಹೋಗಲಿ. ನೆರೆಯ ಯಾವ ಜಾತಿಮತದವರು ಬಂದರೂ ಬಾಗಿಲು ತೆರೆದಿರಲಿ. ಆದರೆ ಈ ವಿದ್ಯೆಯನ್ನು ಮೀನಿನ ಗಾಳಕ್ಕೆ ಸಿಕ್ಕಿಸಿದ ಎರೆಯಾಗಿ ಮಾಡುವದು ಬೇಡ. ಕರ್ತನು ಕುಷ್ಠರೋಗಿಗಳು ಹತ್ತು ಮಂದಿಯನ್ನೂ ಶುದ್ಧಮಾಡಿದನು. ಹಿಂದಿರುಗಿ ಬಂದವನು ಒಬ್ಬನೇ.

ಆದಕಾರಣ ನಾವು ಕೇಳಿದ ಪ್ರಶ್ನೆಗೆ ಉತ್ತರವು ಇದು: ಕರೆಯದೆ ಬಿಟ್ಟವರು ನಾವಾದದರಿಂದ ಇದು ದಯೆಯಲ್ಲ, ಸಾಲವೇ. ಮುಂದಿನ ಭಾನುವಾರ ಆರಾಧನೆಯು ಮುಗಿದ ಬಳಿಕ, ನಿಮ್ಮ ಬೀದಿಯಲ್ಲಿ ಓದನ್ನು ಬಿಟ್ಟವರು ಯಾರಾರೆಂದು ಹಿರಿಯರು ಕುಳಿತು ಒಂದು ಪಟ್ಟಿಯನ್ನು ಮಾಡಲಿ. ಪಟ್ಟಿಯನ್ನು ಹಿಡಿದು ಅವರ ಮನೆಗಳಿಗೆ ಹೋಗಿರಿ. ಇಷ್ಟು ದಿವಸ ಎಲ್ಲಿದ್ದೆಯೆಂದು ಮಾತ್ರ ಕೇಳಬೇಡಿರಿ.

ಹೊತ್ತು ಮುಳುಗುವ ವೇಳೆಯಲ್ಲಿಯೂ ಪೇಟೆಗೆ ಹೊರಟ ಯಜಮಾನನೇ ನಮ್ಮನ್ನೂ ಎಬ್ಬಿಸಿ ಕಳುಹಿಸಲಿ. ಆಮೆನ್.