ಬಾಟಲಿಯೊಳಗಿನ ಹಲ್ಲಿ

ಟೆಕ್ಸಾಸ್, ಫ್ಲಾರಿಡಾ ಕಡೆ ಇರೋರಿಗೆ ಹಸಿರು ಅನೋಲ್ ಗೊತ್ತಿರುತ್ತೆ. ಬೇಲಿ ಮೇಲೆ ಕೂತು ಕೊರಳಿನ ಗುಲಾಬಿ ಚರ್ಮ ಬಿಚ್ಚಿ ತೋರಿಸೋ ಪುಟ್ಟ ಹಲ್ಲಿ, ನಮ್ಮೂರ ಓತಿಕ್ಯಾತದ ದೂರದ ನೆಂಟ. ಹೋದ ಬೇಸಿಗೆಯಲ್ಲಿ ನನ್ನ ಮಗಳು ಒಂದನ್ನು ಹಿಡಿದು ಗಾಜಿನ ಬಾಟಲಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಅದು ಕಂದು ಬಣ್ಣಕ್ಕೆ ತಿರುಗಿತು. "ಅಪ್ಪಾ, ಮ್ಯಾಜಿಕ್!" ಅಂದಳು. ನಾನೂ ಫೋಟೋ ತೆಗೆದೆ.

ಆ ಬಣ್ಣಕ್ಕೆ ಚಳಿಯೂ ಕಾರಣ ಆಗಬಹುದು, ಹೆದರಿಕೆಯೂ ಆಗಬಹುದು. ಹೆದರಿದಾಗ ಒಳಗೆ ಏನಾಗುತ್ತೆ ನೋಡಿ. ಕೈ ಬಿದ್ದ ಕೂಡಲೇ ಮೆದುಳು ನರಗಳ ಮೂಲಕ ಅಡ್ರಿನಲ್ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತೆ, ಅಡ್ರಿನಲಿನ್ ರಕ್ತಕ್ಕೆ ಸೇರುತ್ತೆ. ಅನೋಲ್‌ನ ಕಣ್ಣಿನ ಹಿಂದೆ ಕಪ್ಪು ಚುಕ್ಕೆ ಮೂಡೋದು ಅದರಿಂದಲೇ. ಎರಡನೇ ದಾರಿ ನಿಧಾನ: ಹೈಪೋಥಲಮಸ್ ಪಿಟ್ಯುಟರಿಗೆ ಹೇಳುತ್ತೆ, ಪಿಟ್ಯುಟರಿ ಎಸಿಟಿಎಚ್ ಅನ್ನೋ ಹಾರ್ಮೋನ್ ಕಳಿಸುತ್ತೆ, ಆಗ ಅಡ್ರಿನಲ್ ಗ್ರಂಥಿ ಕಾರ್ಟಿಕೋಸ್ಟೀರಾನ್ ಬಿಡುಗಡೆ ಮಾಡುತ್ತೆ. ಸಾಕಷ್ಟಾದಾಗ ಅದೇ ಕಾರ್ಟಿಕೋಸ್ಟೀರಾನ್ ಮೆದುಳಿಗೆ "ನಿಲ್ಲಿಸು" ಅನ್ನುತ್ತೆ. ಆದರೆ ಅಪಾಯ ಎದುರಿಗೇ ಇದ್ದರೆ ಮೆದುಳು ಮತ್ತೆ ಮತ್ತೆ ಅಪ್ಪಣೆ ಕೊಡುತ್ತಲೇ ಇರುತ್ತೆ. ಹಲ್ಲಿಗಳ ರಕ್ತ ಪರೀಕ್ಷೆ ಮಾಡೋ ವಿಜ್ಞಾನಿಗಳು ಹಿಡಿದ ಸುಮಾರು 3 ನಿಮಿಷದೊಳಗೇ ರಕ್ತ ತೆಗೆಯಲು ನೋಡುತ್ತಾರೆ. ತಡವಾದರೆ ಅಳತೆಗೆ ಸಿಗೋದು ಹಲ್ಲಿಯ ಸಹಜ ಸ್ಥಿತಿಯಲ್ಲ, ಹಿಡಿದ ಕೈಯ ಭಯ.

"ಅದೆಲ್ಲ ಬರೀ ಕೆಮಿಸ್ಟ್ರಿ" ಅಂತೀರಾ? ಇಮಿಗ್ರೇಷನ್ ಕೌಂಟರ್ ಮುಂದೆ ಪಾಸ್‌ಪೋರ್ಟ್ ಹಿಡಿದು ನಿಂತಾಗ ನಿಮ್ಮ ಎದೆ ಡವಡವ ಅಂದಿದ್ದು ನೆನಪಿದೆಯಾ? ಅಲ್ಲೂ ಇದೇ ಸರಪಳಿ. ನಮ್ಮಲ್ಲಿ ಕೊನೆಗೆ ಬರೋದು ಹೆಚ್ಚಾಗಿ ಕಾರ್ಟಿಸೋಲ್, ಅಷ್ಟೇ ವ್ಯತ್ಯಾಸ. ಆದರೆ ನಮ್ಮ ಭಯವನ್ನು ಬರೀ ಕೆಮಿಸ್ಟ್ರಿ ಅಂತ ನಾವು ತಳ್ಳಿಹಾಕಲ್ಲ.

ಹಾಗಂತ ಹಾರ್ಮೋನ್ ಒಂದೇ ಥರ ಇದ್ದರೆ ಅನುಭವವೂ ಒಂದೇ ಅಂತ ಸಾಬೀತಾಗಲ್ಲ. ಹಲ್ಲಿ ನಮ್ಮ ಹಾಗೆ ನರಳುತ್ತಾ ಅನ್ನೋದು ಅನುಮಾನದ ವಿಷಯವೇ. ಪ್ರಶ್ನೆ ಏನಂದರೆ, ಆ ಅನುಮಾನದ ಬೆಲೆಯನ್ನು ಯಾರು ತೆರಬೇಕು? ಅದನ್ನು ಬಿಟ್ಟುಬಿಟ್ಟು ನಾನು ತಪ್ಪಿದ್ದರೆ, ಮಗಳಿಗೆ ಅರ್ಧ ಗಂಟೆಯ ಆಟ ನಷ್ಟ. ಬಾಟಲಿಯಲ್ಲೇ ಇಟ್ಟು ನಾನು ತಪ್ಪಿದ್ದರೆ, ನಷ್ಟವೆಲ್ಲ ಹಲ್ಲಿಯದು, ಮತ್ತು ಅದು ಬಾಯಿಬಿಟ್ಟು ಹೇಳಲಾರದು. ತಪ್ಪೋ ಸಾಧ್ಯತೆ ಎರಡೂ ಕಡೆ ಇದ್ದಾಗ, ನಷ್ಟ ತಡೆದುಕೊಳ್ಳಬಲ್ಲವರೇ ಅದನ್ನು ಹೊರಬೇಕು ಅಂತ ನನಗನ್ನಿಸುತ್ತೆ.

ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ. "ಅದಕ್ಕೆ ಹೆದರಿಕೆ ಆಗಿರಬಹುದು ಕಣಮ್ಮಾ" ಅಂದೆ. ಅವಳೇ ಬಾಟಲಿಯನ್ನು ಬೇಲಿ ಪಕ್ಕ ಮಲಗಿಸಿ ಮುಚ್ಚಳ ತೆಗೆದಳು. ಅದು ಹೊರಗೆ ಬರೋಕೆ ತುಂಬಾ ಹೊತ್ತು ತಗೊಂಡಿತು. ಫೋಟೋ ಇನ್ನೂ ನನ್ನ ಫೋನಿನಲ್ಲಿದೆ, ಯಾರಿಗೂ ಕಳಿಸಿಲ್ಲ.